ಪ್ರಮಾಣಪತ್ರ ತಡವಾಗಬಹುದು, ಮಗುವಿನ ವಯಸ್ಸು ತಡೆಯುವುದಿಲ್ಲ

ಅಂಗವಿಕಲರ ಹಕ್ಕುಗಳ ಕಾಯ್ದೆಗೆ 2016ರ ಡಿಸೆಂಬರಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು, 2017ರ ಏಪ್ರಿಲ್ 19ರಿಂದ ಅದು ಜಾರಿಗೆ ಬಂದಿತು. ಅದಕ್ಕೆ ಮುಂಚಿನ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿಗೆ ಮಾತ್ರ ಸ್ಥಾನವಿತ್ತು. ಹೊಸ ಕಾಯ್ದೆ ಆ ಸಂಖ್ಯೆಯನ್ನು 21ಕ್ಕೆ ಏರಿಸಿತು. ಆಟಿಸಂ ಮತ್ತು ಕಲಿಕಾ ನ್ಯೂನತೆಯುಳ್ಳ ಮಕ್ಕಳು ಈ ಕಾಯ್ದೆಯ ಪಟ್ಟಿಗೆ ಸೇರಿದ್ದು ಆಗಲೇ. ಅದಕ್ಕೆ ಮೊದಲು ಅವರಲ್ಲಿ ಅನೇಕರು ‘ಬುದ್ಧಿಮಾಂದ್ಯ’ರ ಪಟ್ಟಿಯಲ್ಲಿ ಸೇರಿಹೋಗುತ್ತಿದ್ದರು, ಇಲ್ಲವೇ ಯಾವ ಪಟ್ಟಿಯಲ್ಲಿಯೂ ಇರುತ್ತಿರಲಿಲ್ಲ.

ಆದರೆ ಕಾಯ್ದೆಯಲ್ಲಿ ಹೆಸರಿರುವುದು ಬೇರೆ, ಕೈಯಲ್ಲಿ ಪ್ರಮಾಣಪತ್ರವಿರುವುದು ಬೇರೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೆಯ ಸುತ್ತು 2018ರ ಜುಲೈಯಿಂದ ಡಿಸೆಂಬರ್‌ವರೆಗೆ ನಡೆಯಿತು. ದೇಶದ ಅಂಗವಿಕಲರಲ್ಲಿ ಶೇ. 28.8 ಜನರ ಬಳಿ ಮಾತ್ರ ಪ್ರಮಾಣಪತ್ರವಿದೆ ಎಂದು ಅದು ಕಂಡುಕೊಂಡಿತು. ಅಂದರೆ ಹತ್ತರಲ್ಲಿ ಏಳು ಮಂದಿಗೆ ಸೌಲಭ್ಯಗಳ ಬಾಗಿಲಿನ ಕೀಲಿಕೈಯೇ ಇಲ್ಲ. ಅದೇ 2018ರಲ್ಲಿ ಪ್ರಕಟವಾದ ಇನ್‌ಕ್ಲೆನ್ ಅಧ್ಯಯನ ದೇಶದ ಐದು ಕಡೆಗಳಲ್ಲಿ 2ರಿಂದ 9 ವರ್ಷದ ಮಕ್ಕಳನ್ನು ಪರಿಶೀಲಿಸಿತ್ತು. ಅದರ ಪ್ರಕಾರ ಸುಮಾರು ಎಂಟು ಮಕ್ಕಳಲ್ಲಿ ಒಬ್ಬರಿಗೆ ನರಮಂಡಲದ ಬೆಳವಣಿಗೆಗೆ ಸಂಬಂಧಿಸಿದ ಯಾವುದಾದರೊಂದು ತೊಂದರೆ ಇದ್ದಿತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಇದು ಯಾರದೋ ಮನೆಯ ಸಮಸ್ಯೆಯಲ್ಲ, ನಮ್ಮೆಲ್ಲರ ಓಣಿಯ ಸಮಸ್ಯೆ ಎಂಬುದು ಸ್ಪಷ್ಟವಾಗುತ್ತದೆ.

ಈ ಕೊರತೆಗೆ ಸಾಮಾನ್ಯವಾಗಿ ಸರಕಾರಿ ಕಚೇರಿಗಳ ಆಲಸ್ಯವೇ ಕಾರಣವೆಂದು ಹೇಳಿ ಮುಗಿಸುವುದು ರೂಢಿ. ಆ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ವಿಳಂಬದ ಬಹುಪಾಲು ಯಾವುದೇ ಒಂದು ಮೇಜಿನ ಮೇಲೆ ಸಂಭವಿಸುವುದಿಲ್ಲ. ಮನೆಗೂ ಆಸ್ಪತ್ರೆಗೂ ನಡುವೆ, ಆಸ್ಪತ್ರೆಗೂ ಕಚೇರಿಗೂ ನಡುವೆ, ಒಂದು ರಾಜ್ಯಕ್ಕೂ ಇನ್ನೊಂದು ರಾಜ್ಯಕ್ಕೂ ನಡುವೆ ಇರುವ ಸಂದುಗಳಲ್ಲಿ ಸಂಭವಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಪುಣೆಯ ಕನ್ನಡ ಕುಟುಂಬಗಳಿಗೆ ಈ ಸಂದುಗಳು ಉಳಿದವರಿಗಿಂತ ಸ್ವಲ್ಪ ಹೆಚ್ಚು. ಅವನ್ನು ಮುಚ್ಚುವ ಕೆಲಸದಲ್ಲಿ ಕನ್ನಡ ಸಂಘಗಳಿಗೂ ಪಾಲಿದೆ.

ಮೊದಲ ವಿಳಂಬ ಮನೆಯಲ್ಲಿ

ಮಗುವಿಗೆ ಎರಡು ವರ್ಷ ಕಳೆದರೂ ಮಾತು ಬರಲಿಲ್ಲವೆಂದರೆ ನಮ್ಮ ಮನೆಗಳಲ್ಲಿ ಸಿದ್ಧವಾಗಿರುವ ಉತ್ತರ ಒಂದಿದೆ: “ಗಂಡು ಹುಡುಗರು ಸ್ವಲ್ಪ ತಡ, ಅವರ ಸೋದರಮಾವನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು.” ಪರನಾಡಿನ ಕನ್ನಡಿಗರಿಗೆ ಇದರ ಜೊತೆಗೆ ಇನ್ನೊಂದು ಸಮಾಧಾನವೂ ದೊರೆಯುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ನರ್ಸರಿಯಲ್ಲಿ ಇಂಗ್ಲಿಷ್; ಇಷ್ಟು ಭಾಷೆಗಳ ನಡುವೆ ಕೂಸು ಗೊಂದಲಗೊಂಡಿದೆ ಎಂಬುದು ಅದು. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಆಟಿಸಂ ಆಗಲಿ ಭಾಷಾ ದೋಷವಾಗಲಿ ಉಂಟಾಗುವುದಿಲ್ಲ ಎಂಬುದನ್ನು ಹಲವು ದೇಶಗಳ ಸಂಶೋಧನೆಗಳು ತೋರಿಸಿವೆ. ಆದ್ದರಿಂದ ಬಹುಭಾಷೆಯ ನೆಪದಲ್ಲಿ ವರ್ಷ ಕಳೆಯುವುದೂ ತಪ್ಪು, ಯಾರೋ ಹೇಳಿದರೆಂದು ಮನೆಯ ಕನ್ನಡವನ್ನು ನಿಲ್ಲಿಸುವುದೂ ತಪ್ಪು.

ಸರಕಾರದ ತಪಾಸಣಾ ವ್ಯವಸ್ಥೆ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಪಾಲಘರದಲ್ಲಿಯೇ ಆರಂಭವಾಯಿತು. ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ಒಂದು ಬಾರಿ ವೈದ್ಯಕೀಯ ತಂಡ ಪರೀಕ್ಷಿಸಬೇಕು, ಬೆಳವಣಿಗೆಯ ವಿಳಂಬ ಕಂಡುಬಂದ ಮಕ್ಕಳನ್ನು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಬೇಕು ಎಂಬುದು ಅದರ ಏರ್ಪಾಡು. ಆದರೆ ಪುಣೆಯ ಕನ್ನಡಿಗರಲ್ಲಿ ಎರಡು ವರ್ಗಗಳು ಈ ಬಲೆಯಿಂದ ಜಾರಿಹೋಗುತ್ತವೆ. ಹಿಂಜೇವಾಡಿ, ವಾಕಡ್ ಕಡೆಯ ತಂತ್ರಜ್ಞರ ಮಕ್ಕಳು ಖಾಸಗಿ ನರ್ಸರಿಗಳಿಗೆ ಹೋಗುತ್ತಾರೆ. ಅಲ್ಲಿಗೆ ಈ ತಂಡ ಬರುವುದಿಲ್ಲ. ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳಿಂದ ಬಂದು ಕಟ್ಟಡದ ಕೆಲಸದಲ್ಲಿರುವವರ ಮಕ್ಕಳು ಅನೇಕ ವೇಳೆ ಯಾವ ಅಂಗನವಾಡಿಯ ದಾಖಲೆಯಲ್ಲಿಯೂ ಇರುವುದಿಲ್ಲ. ಒಂದು ಕಡೆ ಹಣವಿದ್ದೂ ಮಾಹಿತಿಯಿಲ್ಲ, ಇನ್ನೊಂದು ಕಡೆ ಎರಡೂ ಇಲ್ಲ. ಕಾಯುವ ಕಾಲ ಮಾತ್ರ ಇಬ್ಬರಿಗೂ ಒಂದೇ.

ನಿಯಮದ ಗಡಿಯಾರ

2021ರ ಜೂನ್ 1ರಿಂದ ಅಂಗವೈಕಲ್ಯ ಪ್ರಮಾಣಪತ್ರವನ್ನು ಕೇಂದ್ರದ ಯುಡಿಐಡಿ ಜಾಲತಾಣದ ಮೂಲಕವೇ ನೀಡಬೇಕೆಂಬ ನಿಯಮ ಬಂದಿತು. ಕೈಬರಹದ ಹಳೆಯ ಪತ್ರಗಳ ಕಾಲ ಮುಗಿದು, ದೇಶಕ್ಕೆಲ್ಲ ಒಂದೇ ಗುರುತಿನ ಸಂಖ್ಯೆ ಎಂಬುದು ಸ್ವಾಗತಾರ್ಹ ಬದಲಾವಣೆಯೇ. ಕಾಯ್ದೆಯ 58ನೆಯ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ಪಡೆದ ಪ್ರಮಾಣಪತ್ರಕ್ಕೆ ದೇಶದಾದ್ಯಂತ ಮಾನ್ಯತೆಯಿದೆ. ಧಾರವಾಡದಲ್ಲಿ ಪಡೆದ ಪತ್ರವಿದ್ದರೆ ಪುಣೆಯಲ್ಲಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ.

ಆದರೆ 2024ರ ಅಕ್ಟೋಬರಿನಲ್ಲಿ ನಿಯಮಗಳಿಗೆ ತಿದ್ದುಪಡಿಯಾಯಿತು. 2017ರ ನಿಯಮಗಳಂತೆ ಅರ್ಜಿ ಬಂದ ಒಂದು ತಿಂಗಳೊಳಗೆ ಪ್ರಮಾಣಪತ್ರ ಕೊಡಬೇಕಾಗಿದ್ದಿತು. ತಿದ್ದುಪಡಿ ಈ ಅವಧಿಯನ್ನು ಮೂರು ತಿಂಗಳಿಗೆ ಹೆಚ್ಚಿಸಿತು. ಇನ್ನೂ ಗಮನಿಸಬೇಕಾದ ಅಂಶವೆಂದರೆ, ಎರಡು ವರ್ಷವಾದರೂ ತೀರ್ಮಾನವಾಗದೆ ಉಳಿದ ಅರ್ಜಿ ನಿಷ್ಕ್ರಿಯವಾಗುತ್ತದೆ. ಅರ್ಜಿದಾರರು ಅದನ್ನು ಮತ್ತೆ ಚಾಲನೆಗೆ ತರಿಸಬೇಕು, ಇಲ್ಲವೇ ಹೊಸದಾಗಿ ಅರ್ಜಿ ಹಾಕಬೇಕು. ತೀರ್ಮಾನ ಕೊಡಬೇಕಾದವರು ವೈದ್ಯಾಧಿಕಾರಿಗಳು, ಅರ್ಜಿ ಕಳೆದುಕೊಳ್ಳುವವರು ಮಾತ್ರ ತಂದೆತಾಯಿಗಳು. ಇದು ನ್ಯಾಯವಲ್ಲ.

ಈ ತಿದ್ದುಪಡಿಯ ಹಿನ್ನೆಲೆಯಲ್ಲಿದ್ದ ವಾತಾವರಣವನ್ನೂ ನೆನೆಯಬೇಕು. 2024ರ ಜುಲೈಯಲ್ಲಿ ಪುಣೆಯಲ್ಲಿ ತರಬೇತಿಯಲ್ಲಿದ್ದ ಐಎಎಸ್ ಅಧಿಕಾರಿಯೊಬ್ಬರ ಅಂಗವೈಕಲ್ಯ ಪ್ರಮಾಣಪತ್ರಗಳ ವಿವಾದ ದೇಶವನ್ನೆಲ್ಲ ಕಲಕಿತು. ಸುಳ್ಳು ಪ್ರಮಾಣಪತ್ರಗಳನ್ನು ತಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತಪಾಸಣೆ ಬಿಗಿಯಾದಾಗ ಮೋಸ ಮಾಡುವವರಿಗೆ ಮಾತ್ರ ತೊಂದರೆಯಾಗುತ್ತದೆ ಎಂದು ಭಾವಿಸುವುದು ಸರಿಯಲ್ಲ. ಪ್ರಭಾವವಿದ್ದವರು ಹೇಗೋ ದಾರಿ ಮಾಡಿಕೊಳ್ಳುತ್ತಾರೆ. ದಿನಗೂಲಿ ಬಿಟ್ಟು ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ನಾಲ್ಕನೆಯ ಬಾರಿ ಬರಬೇಕಾದವಳು ನಿಜವಾದ ಅರ್ಜಿದಾರಳೇ.

ಹೊರದೇಶಗಳಲ್ಲಿ ಎಲ್ಲವೂ ಸರಿಯಿದೆಯೆಂದು ನಾವು ಹೇಳುವುದಿಲ್ಲ; ಅಮೆರಿಕೆಯ ಹಲವು ರಾಜ್ಯಗಳಲ್ಲಿ ವಯಸ್ಕರ ಸೇವೆಗಳಿಗೆ ವರ್ಷಗಟ್ಟಲೆ ಕಾಯುವ ಪಟ್ಟಿಗಳಿವೆ. ಆದರೂ ಅಲ್ಲಿಯ ವಿಶೇಷ ಶಿಕ್ಷಣ ಕಾಯ್ದೆಯ ಒಂದು ಅಂಶ ಅನುಕರಣೀಯ. ಮೂರು ವರ್ಷದೊಳಗಿನ ಮಗುವಿನ ಬಗ್ಗೆ ಸೂಚನೆ ಬಂದ 45 ದಿನಗಳೊಳಗೆ ಪರೀಕ್ಷೆ ಮುಗಿಸಿ ಕುಟುಂಬದೊಡನೆ ಯೋಜನಾ ಸಭೆ ನಡೆಸಬೇಕೆಂದು ಅಲ್ಲಿಯ ನಿಯಮ ಹೇಳುತ್ತದೆ. ಅಲ್ಲಿ ದಿನಗಳ ಎಣಿಕೆ ಸೂಚನೆ ಬಂದ ದಿನದಿಂದಲೇ ತೊಡಗುತ್ತದೆ. ನಮ್ಮಲ್ಲಿ ಅದು ಅರ್ಜಿ ಸಲ್ಲಿಸಿದ ದಿನದಿಂದ. ಅದಕ್ಕೆ ಮೊದಲು ಕಳೆದ ತಿಂಗಳುಗಳಿಗೆ ಲೆಕ್ಕವೇ ಇಲ್ಲ.

ಹೆಸರು, ವಿಳಾಸ ಮತ್ತು ಎರಡು ರಾಜ್ಯಗಳು

ಕನ್ನಡಿಗರ ಅರ್ಜಿಗಳು ಹಿಂದೆ ಬೀಳಲು ಕೆಲವು ವಿಶಿಷ್ಟ ಕಾರಣಗಳಿವೆ. ಮೊದಲನೆಯದು ಹೆಸರು. ಮಹಾರಾಷ್ಟ್ರದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳ ಪದ್ಧತಿ ನಡೆದುಬಂದಿದೆ. ನಮ್ಮಲ್ಲಿ ಬಹಳ ಮಂದಿಗೆ ಊರಿನ ಅಕ್ಷರ, ತಂದೆಯ ಅಕ್ಷರ, ಆಮೇಲೆ ಹೆಸರು. ಜನನ ಪ್ರಮಾಣಪತ್ರದಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಆಸ್ಪತ್ರೆಯ ಕಾಗದದಲ್ಲಿ ಮೂರನೆಯ ರೀತಿ ಇದ್ದರೆ ಗಣಕಯಂತ್ರಕ್ಕೆ ಅವರು ಮೂವರು ಬೇರೆ ಬೇರೆ ಮಕ್ಕಳು. ಅರ್ಜಿ ಹಾಕುವ ಮುನ್ನ ಈ ಮೂರನ್ನೂ ಒಂದೇ ರೀತಿಗೆ ತಂದುಕೊಂಡರೆ ಮುಂದೆ ತಿಂಗಳುಗಳು ಉಳಿಯುತ್ತವೆ.

ಎರಡನೆಯದು ವಿಳಾಸ. ವಾಸದ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕೆಂಬುದು ಸಾಮಾನ್ಯ ನಿಯಮ. ಆಧಾರ್‌ನಲ್ಲಿ ಇಂಡಿಯೋ ಜೇವರ್ಗಿಯೋ ಇದ್ದು ವಾಸ ಮಾತ್ರ ಪುಣೆಯಲ್ಲಿದ್ದರೆ ‘ನಿಮ್ಮ ಊರಿಗೇ ಹೋಗಿ’ ಎಂಬ ಮಾತು ಕೇಳಬೇಕಾಗುತ್ತದೆ. ಆದರೆ ನಿಯಮದಲ್ಲಿ ಇನ್ನೊಂದು ದಾರಿಯೂ ಇದೆ: ಚಿಕಿತ್ಸೆ ಪಡೆಯುತ್ತಿರುವ ಅಥವಾ ಪಡೆದ ಸರಕಾರಿ ಆಸ್ಪತ್ರೆಯ ಪ್ರಾಧಿಕಾರಕ್ಕೂ ಅರ್ಜಿ ಹಾಕಬಹುದು. ಸಸೂನ್ ಆಸ್ಪತ್ರೆ ಅಥವಾ ಔಂಧದ ಜಿಲ್ಲಾ ಆಸ್ಪತ್ರೆಯಲ್ಲಿ ಮಗುವಿಗೆ ಚಿಕಿತ್ಸೆ ನಡೆಯುತ್ತಿದ್ದರೆ ಅದರ ಕಾಗದವೇ ಈ ದಾರಿಗೆ ಆಧಾರ. ಹೊರರೋಗಿ ವಿಭಾಗದ ಚೀಟಿಗಳನ್ನು ಬಿಸಾಡದೆ ಇಟ್ಟುಕೊಳ್ಳಬೇಕೆಂದು ಹೇಳುವುದು ಇದಕ್ಕಾಗಿಯೇ.

ಮೂರನೆಯದು ಮಾಸಾಶನ. ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಗೆ ರಾಜ್ಯದಲ್ಲಿ 15 ವರ್ಷಗಳ ವಾಸವಿರಬೇಕು. ಕರ್ನಾಟಕದ ಅಂಗವಿಕಲ ವೇತನ ಕರ್ನಾಟಕದಲ್ಲಿ ವಾಸಿಸುವವರಿಗೆ. ಹತ್ತು ವರ್ಷದ ಹಿಂದೆ ಪುಣೆಗೆ ಬಂದ ಕುಟುಂಬ ಎರಡರ ನಡುವೆ ಬೀಳುತ್ತದೆ. ಪ್ರಮಾಣಪತ್ರಕ್ಕೆ ದೇಶವೆಲ್ಲ ಒಂದು, ಮಾಸಾಶನಕ್ಕೆ ಮಾತ್ರ ಗಡಿರೇಖೆ. ಪಡಿತರ ಚೀಟಿಯನ್ನು ಯಾವ ರಾಜ್ಯದಲ್ಲಿಯಾದರೂ ಬಳಸುವ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿತು. ಅಕ್ಕಿ ಗೋಧಿಗೆ ಸಾಧ್ಯವಾದದ್ದು ಅಂಗವಿಕಲ ಮಗುವಿನ ಮಾಸಾಶನಕ್ಕೆ ಏಕೆ ಸಾಧ್ಯವಾಗಬಾರದು? ಉಭಯ ರಾಜ್ಯಗಳ ಕನ್ನಡ ಸಂಘಟನೆಗಳು ಒಟ್ಟಾಗಿ ಕೇಳಬೇಕಾದ ಪ್ರಶ್ನೆ ಇದು.

ಯಾವ ಭಾಷೆಯಲ್ಲಿ ಪರೀಕ್ಷೆ?

ಬೌದ್ಧಿಕ ಅಂಗವೈಕಲ್ಯದ ಪ್ರಮಾಣವನ್ನು ನಿರ್ಧರಿಸುವುದರಲ್ಲಿ ಭಾಷೆಯ ಪಾತ್ರ ಎಷ್ಟೆಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಭಾರತದ ಅನೇಕ ಚಿಕಿತ್ಸಾಲಯಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಬಿನೆ-ಕಾಮತ್ ಬುದ್ಧಿಪರೀಕ್ಷೆಯ ಮೂಲವನ್ನು ಹುಡುಕಿದರೆ ನಾವು 1934ಕ್ಕೆ ಹೋಗುತ್ತೇವೆ. ಬಿನೆಯವರ ಅಳತೆಗೋಲನ್ನು ಭಾರತೀಯ ಮಕ್ಕಳಿಗೆ ಹೊಂದಿಸಿದ ವಿ. ವಿ. ಕಾಮತರು ಅದಕ್ಕಾಗಿ ಆರಿಸಿಕೊಂಡದ್ದು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳನ್ನು. ಆಗಿನ ಮುಂಬಯಿ ಪ್ರಾಂತದ ಈ ಎರಡು ಭಾಷೆಗಳ ಮಕ್ಕಳಿಗಾಗಿ ಅಷ್ಟು ಹಿಂದೆಯೇ ಆ ಕೆಲಸ ನಡೆದಿತ್ತು. ಮಗುವನ್ನು ಅದರ ಮನೆಮಾತಿನಲ್ಲಿಯೇ ಪರೀಕ್ಷಿಸಬೇಕೆಂಬ ತತ್ತ್ವ ನಮ್ಮ ಈ ಭಾಗಕ್ಕೆ ಹೊಸದಲ್ಲ.

ಇನ್ನೊಂದು ಅಳತೆ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪಕ. ಇದರಲ್ಲಿ ಪ್ರಶ್ನೆಗಳು ಮಗುವಿಗಲ್ಲ, ತಾಯಿಗೆ. ತಾನೇ ಉಣ್ಣುತ್ತಾನೆಯೆ, ಗುಂಡಿ ಹಾಕಿಕೊಳ್ಳುತ್ತಾನೆಯೆ, ಒಬ್ಬನೇ ನೆರೆಮನೆಗೆ ಹೋಗಿ ಬರುತ್ತಾನೆಯೆ ಎಂದು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಕೇಳಿದಾಗ, ಪ್ರಶ್ನೆ ಪೂರ್ತಿ ತಿಳಿಯದ ತಾಯಿ ಸಂಕೋಚದಿಂದ “ಎಲ್ಲಾ ಮಾಡ್ತಾನ್ರಿ” ಎಂದುಬಿಡುತ್ತಾಳೆ. ಮಗನ ಕೊರತೆಯನ್ನು ಹೊರಗಿನವರ ಮುಂದೆ ಹೇಳಲು ಯಾವ ತಾಯಿಗೂ ನಾಲಗೆ ಬರುವುದಿಲ್ಲ. ಆ ಒಂದು ಮಾತಿಗೆ ತೆರಬೇಕಾದ ಬೆಲೆ ದೊಡ್ಡದು. 2018ರ ಜನವರಿಯ ಕೇಂದ್ರ ಮಾರ್ಗಸೂಚಿಯಲ್ಲಿ ಈ ಮಾಪಕದ ಅಂಕ 55ರಿಂದ 69ರವರೆಗೆ ಇದ್ದರೆ ಶೇ. 50 ಅಂಗವೈಕಲ್ಯ, 70ರಿಂದ 84 ಇದ್ದರೆ ಶೇ. 25 ಎಂದು ನಿಗದಿಯಾಗಿತ್ತು. ಮುಖ್ಯ ಸೌಲಭ್ಯಗಳಿಗೆ ಶೇ. 40 ಬೇಕು. 69 ಮತ್ತು 70ರ ನಡುವಿನ ಒಂದೇ ಅಂಕ ಮಗುವನ್ನು ಗೆರೆಯ ಈಚೆಗೋ ಆಚೆಗೋ ಹಾಕಬಲ್ಲದಾಗಿತ್ತು. ಮಾರ್ಗಸೂಚಿಗಳು 2024ರ ಮಾರ್ಚಿನಲ್ಲಿ ಪರಿಷ್ಕೃತವಾದವು. ಆದರೆ ತಾಯಿಯ ಮಾತಿನ ಮೇಲೆ ಲೆಕ್ಕ ನಿಲ್ಲುವ ಸಂದರ್ಭಗಳಲ್ಲಿ ತಾಯಿಯ ಭಾಷೆ ಗೊತ್ತಿರುವವರೊಬ್ಬರು ಪಕ್ಕದಲ್ಲಿರಬೇಕೆಂಬ ಅಗತ್ಯ ಹಾಗೆಯೇ ಉಳಿದಿದೆ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತೆಂಬುದನ್ನು ವರದಿಯಲ್ಲಿ ನಮೂದಿಸುವಂತೆ ವಿನಂತಿಸುವುದೂ ಒಳ್ಳೆಯದು.

ಪಾಲಕರು ಅನುಸರಿಸಬಹುದಾದ ಕ್ರಮ

ಮೊದಲನೆಯದಾಗಿ, ಚಿಕಿತ್ಸೆಯನ್ನು ಪ್ರಮಾಣಪತ್ರಕ್ಕೆ ಕಟ್ಟಿಹಾಕಬಾರದು. ಮಾತಿನ ತರಬೇತಿಗಾಗಲಿ, ಅಂಗಸಾಧನೆಗಾಗಲಿ ಶೇಕಡಾವಾರು ಅಂಕಿ ಬೇಕಾಗಿಲ್ಲ. ಕಾಗದ ತನ್ನ ದಾರಿಯಲ್ಲಿ ಹೋಗಲಿ, ಮಗುವಿನ ಕಲಿಕೆ ತನ್ನ ದಾರಿಯಲ್ಲಿ ನಡೆಯಲಿ.

ಎರಡನೆಯದಾಗಿ, ಅರ್ಜಿಯ ಸಂಖ್ಯೆಯನ್ನೂ ದಿನಾಂಕವನ್ನೂ ಒಂದು ವಹಿಯಲ್ಲಿ ಬರೆದಿಡಬೇಕು. ಪ್ರತಿ ಭೇಟಿಯ ದಿನ, ಕಂಡವರ ಹುದ್ದೆ, ಅವರು ಕೊಟ್ಟ ಮುಂದಿನ ದಿನಾಂಕ ಇವೂ ಅಲ್ಲಿರಲಿ. ಮೂರು ತಿಂಗಳು ಮೀರಿದ ದಿನವೇ ಲಿಖಿತ ಜ್ಞಾಪನಪತ್ರ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಿಮಾತಿಗೆ ಕಚೇರಿಯಲ್ಲಿ ಆಯುಷ್ಯವಿಲ್ಲ.

ಮೂರನೆಯದಾಗಿ, ಪ್ರಮಾಣಪತ್ರ ಬಂದೊಡನೆ ಅದು ಶಾಶ್ವತವೋ ತಾತ್ಕಾಲಿಕವೋ ಎಂಬುದನ್ನು ನೋಡಬೇಕು. ಚಿಕ್ಕ ಮಕ್ಕಳಿಗೆ ಕೊಡುವ ಪತ್ರ ಬಹುಮಟ್ಟಿಗೆ ತಾತ್ಕಾಲಿಕವೇ. 2018ರ ಮಾರ್ಗಸೂಚಿ ಬೌದ್ಧಿಕ ಅಂಗವೈಕಲ್ಯಕ್ಕೆ 5, 10 ಮತ್ತು 18ನೆಯ ವಯಸ್ಸಿನಲ್ಲಿ ನವೀಕರಣವನ್ನು ಸೂಚಿಸಿತ್ತು. ಪತ್ರದ ಮೇಲಿನ ಕೊನೆಯ ದಿನಾಂಕಕ್ಕೆ ಆರು ತಿಂಗಳ ಮೊದಲೇ ನವೀಕರಣಕ್ಕೆ ಹೊರಟರೆ ಮಧ್ಯದಲ್ಲಿ ಸೌಲಭ್ಯ ಕಡಿದುಹೋಗುವುದಿಲ್ಲ.

ನಾಲ್ಕನೆಯದಾಗಿ, ಬಂದ ಪತ್ರವನ್ನು ಕಪಾಟಿನಲ್ಲಿಡದೆ ಬಳಸಬೇಕು. ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯಗಳಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಹೊರರೋಗಿ ಚಿಕಿತ್ಸೆ ಮತ್ತು ತರಬೇತಿಗಳೂ ಅದರಲ್ಲಿ ಸೇರಿವೆ. ರೈಲ್ವೆಯ ನಮೂನೆಯಲ್ಲಿ ಪತ್ರ ಮಾಡಿಸಿಕೊಂಡರೆ, ಜೊತೆಗಾರರೊಡನೆ ಪ್ರಯಾಣಿಸುವ ಬೌದ್ಧಿಕ ಅಂಗವೈಕಲ್ಯವುಳ್ಳವರಿಗೂ ಆ ಜೊತೆಗಾರರಿಗೂ ಸ್ಲೀಪರ್ ದರ್ಜೆಯಲ್ಲಿ ಶೇ. 75 ರಿಯಾಯಿತಿ ಇದೆ. ವರ್ಷಕ್ಕೆರಡು ಬಾರಿ ಊರಿಗೆ ಹೋಗಿಬರುವ ನಮ್ಮವರಿಗೆ ಇದು ಸಣ್ಣ ಉಳಿತಾಯವಲ್ಲ.

ಪ್ರಮಾಣದ ನಿರ್ಣಯ ತಪ್ಪೆನಿಸಿದರೆ ಕಾಯ್ದೆಯ 59ನೆಯ ಕಲಮಿನಂತೆ ಮೇಲ್ಮನವಿ ಸಲ್ಲಿಸಬಹುದು. ಹಕ್ಕು ನಿರಾಕರಣೆಯ ದೂರುಗಳಿಗೆ ರಾಜ್ಯ ಆಯುಕ್ತರಿದ್ದಾರೆ. ಮಹಾರಾಷ್ಟ್ರದ ಈ ಆಯುಕ್ತಾಲಯ ಮುಂಬಯಿಯಲ್ಲಿರದೆ ನಮ್ಮ ಪುಣೆಯಲ್ಲಿಯೇ ಇದೆ ಎಂಬುದು ಇಲ್ಲಿಯವರಿಗೆ ಅನುಕೂಲದ ಸಂಗತಿ.

ಹದಿನೆಂಟರ ಹೊಸ್ತಿಲು

ಮಕ್ಕಳು ದೊಡ್ಡವರಾದ ಕುಟುಂಬಗಳಿಗೆ ಬೇರೊಂದು ವಿಳಂಬ ಕಾದಿರುತ್ತದೆ. ಹದಿನೆಂಟು ತುಂಬಿದ ದಿನದಿಂದ ಕಾನೂನಿನ ದೃಷ್ಟಿಯಲ್ಲಿ ತಂದೆತಾಯಿಗಳು ತಾವಾಗಿಯೇ ಪೋಷಕರಾಗಿ ಮುಂದುವರಿಯುವುದಿಲ್ಲ. ಬ್ಯಾಂಕ್ ಖಾತೆ, ಆಸ್ತಿ ಇವುಗಳ ಪ್ರಶ್ನೆ ಬಂದಾಗ ಇದು ಅರಿವಿಗೆ ಬರುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಮೇಲೆ ಹೇಳಿದ ನಾಲ್ಕು ಬಗೆಯ ಅಂಗವೈಕಲ್ಯಗಳಿಗೆ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ನ್ಯಾಯಾಲಯದ ಖರ್ಚಿಲ್ಲದ ದಾರಿ ಇದು. ತಂದೆಗೆ ಎಪ್ಪತ್ತು ದಾಟಿದ ಮೇಲೆ ಈ ಯೋಚನೆ ಮಾಡುವ ಬದಲು, ಮಗನಿಗೆ ಹದಿನೇಳು ತುಂಬುತ್ತಿದ್ದಂತೆ ಕಾಗದಗಳನ್ನು ಸಿದ್ಧಪಡಿಸಿಕೊಳ್ಳುವುದು ವಿವೇಕ. “ನಮ್ಮ ನಂತರ ಯಾರು?” ಎಂಬ ಪ್ರಶ್ನೆಗೆ ಇದು ಪೂರ್ಣ ಉತ್ತರವಲ್ಲದಿದ್ದರೂ ಮೊದಲ ಸಾಲು ಹೌದು.

ಸಂಘಗಳ ಪಾಲಿನ ಕೆಲಸ

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬ ವ್ಯವಸ್ಥೆಯಿದೆ. ತಾವೇ ಅಂಗವಿಕಲರಾಗಿದ್ದು, ಅದೇ ಊರಿನ ಇತರ ಅಂಗವಿಕಲರ ಮನೆಗಳಿಗೆ ಹೋಗಿ, ಅರ್ಜಿ ತುಂಬಿಸಿ, ಸೌಲಭ್ಯ ಕೊಡಿಸುವುದು ಅವರ ಕೆಲಸ. ಗೌರವಧನ ಕಡಿಮೆ, ಹೊರೆ ಹೆಚ್ಚು ಎಂಬ ಅವರ ದೂರು ನ್ಯಾಯವಾದದ್ದು. ಆದರೂ ಆ ಕಲ್ಪನೆಯಲ್ಲಿ ಒಂದು ತಿಳಿವಳಿಕೆಯಿದೆ: ಮಾಹಿತಿ ಕೊಟ್ಟರೆ ಸಾಲದು, ಜೊತೆಗೆ ನಡೆಯುವ ಮನುಷ್ಯ ಬೇಕು. ಹಳ್ಳಿಯನ್ನು ಬಿಟ್ಟು ಪುಣೆಗೆ ಬಂದ ಕುಟುಂಬ ಆ ಮನುಷ್ಯನನ್ನೂ ಬಿಟ್ಟು ಬಂದಿರುತ್ತದೆ.

ಆ ಸ್ಥಾನವನ್ನು ನಗರದ ಕನ್ನಡ ಸಂಘಗಳು ತುಂಬಬಹುದೆಂದು ನಾವು ನಂಬಿದ್ದೇವೆ. ಇದಕ್ಕೆ ದೊಡ್ಡ ನಿಧಿ ಬೇಕಾಗಿಲ್ಲ. ನಿವೃತ್ತ ಬ್ಯಾಂಕ್ ನೌಕರರು, ಶಿಕ್ಷಕರು, ಸರಕಾರಿ ಕಚೇರಿಗಳ ಒಳಹೊರಗು ಬಲ್ಲವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಮರಾಠಿ, ಕನ್ನಡ ಎರಡನ್ನೂ ಸರಾಗವಾಗಿ ಆಡುವವರಿದ್ದಾರೆ. ತಿಂಗಳಿಗೆ ಒಂದು ಭಾನುವಾರ ಸಂಘದ ಕೋಣೆಯಲ್ಲಿ ಒಂದು ಮೇಜು, ಒಂದು ಗಣಕಯಂತ್ರ, ಒಂದು ದಾಖಲೆ ಪುಸ್ತಕ. ವಾರದ ದಿನಗಳಲ್ಲಿ ಪರೀಕ್ಷೆಗೆ ಹೋಗುವ ತಾಯಿಯ ಜೊತೆಗೊಬ್ಬರು. ಎರಡು ಭಾಷೆಗಳಲ್ಲಿಯೂ ಇರುವ ಒಂದು ಪುಟದ ಕಾಗದಪತ್ರಗಳ ಪಟ್ಟಿ. ಇಷ್ಟಾದರೆ ಆರಂಭಕ್ಕೆ ಸಾಕು. ಎಷ್ಟು ಅರ್ಜಿಗಳು ಹೋದವು, ಯಾವುದು ಎಷ್ಟು ದಿನ ನಿಂತಿತು ಎಂಬ ದಾಖಲೆ ವರ್ಷದ ಕೊನೆಗೆ ನಮ್ಮ ಕೈಯಲ್ಲಿದ್ದರೆ, ಆಯುಕ್ತರ ಮುಂದೆ ಇಡಲು ದೂರಿಗಿಂತ ಬಲವಾದ ಸಾಕ್ಷ್ಯ ಸಿಕ್ಕಂತಾಗುತ್ತದೆ.

ಸರಕಾರದಿಂದ ಕೇಳಬೇಕಾದದ್ದನ್ನೂ ಬಿಡುವಂತಿಲ್ಲ. ಎರಡು ವರ್ಷ ತೀರ್ಮಾನವಾಗದ ಅರ್ಜಿ ನಿಷ್ಕ್ರಿಯವಾಗುವ ಬದಲು ತಾನಾಗಿ ಮೇಲಿನ ಪ್ರಾಧಿಕಾರಕ್ಕೆ ಹೋಗುವಂತಾಗಬೇಕು. ವಲಸೆ ಕುಟುಂಬದ ಮಗುವಿಗೆ ಮಾಸಾಶನ ರಾಜ್ಯದಿಂದ ರಾಜ್ಯಕ್ಕೆ ಜೊತೆಯಲ್ಲಿ ಬರುವಂತಾಗಬೇಕು. ಮನೆಮಾತಿನಲ್ಲಿ ಪರೀಕ್ಷೆ ಎಂಬುದು ವೈದ್ಯರ ಔದಾರ್ಯವಾಗಿ ಉಳಿಯದೆ ಮಗುವಿನ ಹಕ್ಕಾಗಬೇಕು.

ರಾಜ್ಯೋತ್ಸವ, ಯುಗಾದಿ, ದಸರೆಗಳನ್ನು ನಾವು ಪರನಾಡಿನಲ್ಲಿಯೂ ಸಂಭ್ರಮದಿಂದ ಆಚರಿಸುತ್ತ ಬಂದಿದ್ದೇವೆ, ಅದು ಬೇಕು. ಆದರೆ ಆ ಸಮಾರಂಭಗಳಿಗೆ ಬಾರದೆ, ಮಗುವನ್ನು ಜನರ ನಡುವೆ ಕರೆತರಲು ಅಳುಕುತ್ತ ಮನೆಯಲ್ಲಿಯೇ ಉಳಿಯುವ ಕುಟುಂಬಗಳೂ ನಮ್ಮವೇ. ಅವರಿಗೆ ಅರ್ಜಿ ತುಂಬಿಕೊಡಲು ಒಬ್ಬರು ಮನೆಗೆ ಹೋದರೆ, ಮುಂದಿನ ಯುಗಾದಿಗೆ ಅವರು ತಾವಾಗಿಯೇ ಬಂದಾರು. ಇಂಥ ಕೆಲಸಕ್ಕೆ ಸಮಯ ಕೊಡಬಲ್ಲವರು ಮುಂದೆ ಬರಬೇಕೆಂದು ಓದುಗರಲ್ಲಿ ನಮ್ಮ ವಿನಂತಿ.